ಕುರ್ಚಿ ಸಿಕ್ಕಿತು, ನೆಲ ಸಿಗಲಿಲ್ಲ

2020ರ ಮಾರ್ಚ್‌ನಲ್ಲಿ ಬೆಂಗಳೂರಿನ ಆಫೀಸುಗಳು ಬಾಗಿಲು ಹಾಕಿದಾಗ ಲ್ಯಾಪ್‌ಟಾಪ್ ಮನೆಗೆ ಬಂತು, ಮೀಟಿಂಗ್ ಬಂತು, ಮ್ಯಾನೇಜರರ ಮುಖವೂ ಬಂತು. ಕುರ್ಚಿ ಮಾತ್ರ ಅಲ್ಲೇ ಉಳಿಯಿತು. ಪದ್ಮನಾಭನಗರದ ಸಾಫ್ಟ್‌ವೇರ್ ಮಹಾಶಯರೊಬ್ಬರು ಊಟದ ಮೇಜಿನ ಮುಂದೆ, ಮದುವೆ ಛತ್ರದ ಮಾದರಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬೆನ್ನಿಗೊಂದು ದಿಂಬು ಆನಿಸಿ ಕೂತರು. ಮೂರು ತಿಂಗಳಿಗೆ ಸೊಂಟ ಹಿಡಿಯಿತು. ಅಮೃತಾಂಜನದ ವಾಸನೆ ಕ್ಯಾಮೆರಾಕ್ಕೆ ತಿಳಿಯುವುದಿಲ್ಲ ಎಂಬುದೊಂದೇ ಸಮಾಧಾನ.

ಹೆಂಡತಿಯೊಂದಿಗೆ ಕುರ್ಚಿ ಅಂಗಡಿಗೆ ಹೋದರು. "ಇದು ಬಾಸ್ ಚೇರ್ ಸಾರ್" ಎಂದು ಹುಡುಗ ಮುಂದೆ ತಳ್ಳಿದ ಕಪ್ಪು ರೆಕ್ಸಿನ್ನಿನ ಕುರ್ಚಿಯ ಬೆನ್ನು ಇವರ ತಲೆಗಿಂತ ಒಂದು ಗೇಣು ಮೇಲಿತ್ತು. ಕೂತರೆ ಸ್ಪಂಜು ಬುಸ್ಸೆಂದು ಉಸಿರುಬಿಟ್ಟು ಸೊಂಟದವರೆಗೆ ನುಂಗಿತು. ಆಹಾ ಎನಿಸಿತು. ಎರಡು ನಿಮಿಷ ಕೂತರೆ ಯಾವ ಕುರ್ಚಿಯೂ ಆಹಾ ಎನಿಸುತ್ತದೆ. ಅದರ ಬಣ್ಣ ಬಯಲಾಗುವುದು ಕಾಲು ಗಂಟೆಯ ಮೇಲೆ.

ತಪ್ಪು ಇವರದಲ್ಲ, ವಂಶದ್ದು. ತಂದೆ ತಾಲೂಕು ಕಚೇರಿಯಲ್ಲಿದ್ದವರು. ಅಲ್ಲಿ ಕುರ್ಚಿಯ ಅಳತೆ ಬೆನ್ನಿಗಲ್ಲ, ಹುದ್ದೆಗೆ: ಜವಾನನಿಗೆ ಸ್ಟೂಲು, ಗುಮಾಸ್ತರಿಗೆ ಬೆತ್ತದ ಕುರ್ಚಿ, ಸಾಹೇಬರಿಗೆ ತಿರುಗುವ ಕುರ್ಚಿ, ಅದರ ಬೆನ್ನಿಗೆ ಬಿಳಿ ಟರ್ಕಿ ಟವಲು. ಅಷ್ಟಾದರೂ ಬೆತ್ತದ ಕುರ್ಚಿಯ ಗುಮಾಸ್ತರಿಗೆ ಸೊಂಟನೋವು ಬರಲಿಲ್ಲ. ಅರ್ಧ ಗಂಟೆಗೊಮ್ಮೆ ಕಾಫಿಗೋ ಕಡತಕ್ಕೋ ಎದ್ದುಹೋಗುತ್ತಿದ್ದರಲ್ಲ!

ಹೆಂಡತಿ ವ್ಯಾನಿಟಿ ಬ್ಯಾಗಿನಿಂದ ಹೊಲಿಗೆಯ ಟೇಪು ತೆಗೆದರು. "ಚಪ್ಪಲಿಗೆ ಅಳತೆ ನೋಡ್ತೀರಿ, ಕುರ್ಚಿಗೆ ಬೇಡ್ವೇನ್ರೀ?"

ಮಾತು ಸರಿಯೇ. ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ವಿನ್ಯಾಸ ಮಾಡಿ, ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿ 1994ರಲ್ಲಿ ಮಾರಾಟಕ್ಕೆ ತಂದ ಏರಾನ್ ಕುರ್ಚಿ ಅಂಗಿಯ ಹಾಗೆ ಮೂರು ಸೈಜಿನಲ್ಲಿ ಬಂತು: ಎ, ಬಿ, ಸಿ. ಸ್ಪಂಜನ್ನೂ ಚರ್ಮವನ್ನೂ ಕಿತ್ತೊಗೆದು, ಗಾಳಿಯಾಡುವ ಬಲೆ ಬಿಗಿದಿದ್ದರು. ಇಂದು ಅಂಗಡಿಗಳಲ್ಲಿ 'ಮೆಶ್' ಎಂದು ಸಾಲಾಗಿ ನಿಂತಿರುವ ಕುರ್ಚಿಗಳಿಗೆಲ್ಲ ಅದೇ ದೊಡ್ಡಪ್ಪ.

ಟೇಪಿನ ಪರೀಕ್ಷೆ ಶುರುವಾಯಿತು. ಬೆನ್ನು ಆನಿಸಿ ಕೂತಾಗ ಮಂಡಿಯ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳು ತೂರಬೇಕು. ಬಾಸ್ ಕುರ್ಚಿ ಇಲ್ಲೇ ನಪಾಸು. ಸೊಂಟದ ಆಸರೆಯ ಉಬ್ಬು ಉಡಿದಾರಕ್ಕಿಂತ ತುಸು ಮೇಲೆ, ಬೆನ್ನು ಒಳಬಾಗುವ ಕಡೆ ತಾಗಬೇಕು. ಕೈ ಊರಿದರೆ ಹೆಗಲು ಕಿವಿಯತ್ತ ಏರಬಾರದು. ಕಾಲು ನಾಲ್ಕಲ್ಲ, ಐದಿರಬೇಕು. ಹಿಂದಕ್ಕೋ ಓರೆಗೋ ವಾಲಿದರೆ ನಾಲ್ಕು ಕಾಲಿನದು ಬೇಗ ಮಗುಚಿಕೊಳ್ಳುತ್ತದೆ. ಚಕ್ರಗಳನ್ನಂತೂ ಯಾರೂ ಪ್ರಶ್ನಿಸಲಿಲ್ಲ. ಎದ್ದು ಓಡಾಡುವ ಬದಲು ಕೂತಲ್ಲೇ ಉರುಳಿ ಮಾದರಿಗಳನ್ನು ನೋಡಲು ಚಾರ್ಲ್ಸ್ ಡಾರ್ವಿನ್ನರೇ ತಮ್ಮ ಕುರ್ಚಿಗೆ ಚಕ್ರ ಹಾಕಿಸಿಕೊಂಡಿದ್ದರು.

"ನೆಟ್ಟಗೆ ಕೂತ್ಕೊಳ್ಳಿ" ಎಂದರು ಹೆಂಡತಿ. ಅದೊಂದು ತಪ್ಪಿತು. 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ ಜೀವಂತ ಮನುಷ್ಯರ ಬೆನ್ನುಮೂಳೆಯ ಡಿಸ್ಕಿಗೇ ಸೂಜಿ ತೂರಿಸಿ ಒತ್ತಡ ಅಳೆದರು. ನಿಂತಾಗಿನದಕ್ಕಿಂತ ಆಸರೆಯಿಲ್ಲದೆ ಕೂತಾಗಲೇ ಅದು ಹೆಚ್ಚಿತ್ತು. ಬೆನ್ನನ್ನು ತುಸು ಹಿಂದಕ್ಕೆ ಒರಗಿಸಿದರೆ ಇಳಿಯುತ್ತದೆಂದು ಮುಂದಿನ ಅಳತೆಗಳು ತೋರಿಸಿದವು. ಸೋಮಾರಿಗಳ ಭಂಗಿಗೆ ವಿಜ್ಞಾನದ ಮೊಹರು ಬಿತ್ತು.

ಹದಿನೆಂಟು ಸಾವಿರಕ್ಕೆ ಮೆಶ್ ಕುರ್ಚಿ ಮನೆಗೆ ಬಂತು. ಎಲ್ಲ ಅಳೆದಿದ್ದರು, ಊಟದ ಮೇಜನ್ನು ಬಿಟ್ಟು. ಅದರ ಎತ್ತರ ಮೂವತ್ತು ಅಂಗುಲ, ಇವರದು ಐದು ಅಡಿ ಮೂರು. ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಕುರ್ಚಿ ಎತ್ತರಿಸಿದರೆ ಪಾದದ ಕೆಳಗೆ ನಾಲ್ಕೂವರೆ ಅಂಗುಲ ಗಾಳಿ. ಸೀಟಿನ ಅಂಚು ತೊಡೆ ಒತ್ತಿ ಹತ್ತೇ ನಿಮಿಷಕ್ಕೆ ಕಾಲು ಜೋಮು ಹಿಡಿಯಿತು.

ಅಡುಗೆಮನೆಯಿಂದ ಮಣೆ ತಂದು ಕಾಲಡಿ ಇಟ್ಟುಕೊಂಡರು. ಅಮ್ಮ ಕಂಡರು. "ಊಟಕ್ಕೆ ಕೂರೋ ಮಣೆ ಕಣೋ ಅದು, ತೆಗಿ!" ಹಳೆಯ ಕಾಲೇಜು ಪುಸ್ತಕಗಳ ಕಟ್ಟು ಬಂತು. "ಸರಸ್ವತಿನ ತುಳೀತೀಯಾ?" ಅಕ್ಕಿ ಡಬ್ಬಕ್ಕೆ ಕೈಹಾಕುವಷ್ಟರಲ್ಲಿ ಅನ್ನಪೂರ್ಣೆ ಅಡ್ಡಬಂದಳು. ಕೊನೆಗೆ ತಾರಸಿಯಲ್ಲಿ ಮಿಕ್ಕಿದ್ದ ಎರಡು ಇಟ್ಟಿಗೆ ತಂದು, ಮಗ್ಗುಲಾಗಿ ಜೋಡಿಸಿ, ಅಮ್ಮನ ಮುಖ ನೋಡಿದರು.

"ಪಾಂಡುರಂಗನೇ ಇಟ್ಟಿಗೆ ಮೇಲೆ ನಿಂತಿದ್ದಾನೆ, ನಿನಗೇನು? ಇಡು" ಎಂದು ಅಮ್ಮ ಹಳೇ ಪಂಚೆಯ ತುಂಡೊಂದನ್ನು ಅವಕ್ಕೆ ಸುತ್ತಿಕೊಟ್ಟರು.

ಮರುದಿನದ ಮೀಟಿಂಗಿನಲ್ಲಿ ಕುರ್ಚಿಯ ಬೆನ್ನು ಪರದೆಯ ತುಂಬ ಮೆರೆಯಿತು. ಎಲ್ಲಿ ತೆಗೆದುಕೊಂಡಿರಿ ಎಂದು ಮ್ಯಾನೇಜರರು ವಿಚಾರಿಸಿದರು. ಇವರು ಅಂಗಡಿಯ ವಿಳಾಸ ಹೇಳಿದರು. ಇಟ್ಟಿಗೆಯ ಮಾತು ಎತ್ತಲಿಲ್ಲ.