ದೇವರ ಪಟ ಎಲ್ಲಿಗೆ ಹಾಕೋದು?

ಹಳೇ ದೇವರ ಪಟಗಳನ್ನು ಪಾರ್ಕಿನ ಅರಳಿಕಟ್ಟೆಗೆ ಸಾಗಹಾಕಬೇಕು ಅಂತ ಯಾವ ಪುರಾಣದಲ್ಲಿದೆಯೋ, ನಮ್ಮ ಬಡಾವಣೆಯವರೆಲ್ಲ ಅದನ್ನು ಓದಿಕೊಂಡಂತಿದೆ. ನಾಗರಕಲ್ಲಿನ ಪಕ್ಕ ಗಾಜೊಡೆದ ಲಕ್ಷ್ಮಿ, ಗೆದ್ದಲು ಹಿಡಿದ ಸತ್ಯನಾರಾಯಣ, ನಿಂತುಹೋದ ಗಡಿಯಾರದೊಳಗಿನ ವೆಂಕಟರಮಣ. ಕಾಲಬುಡದಲ್ಲಿ ಬಾಡಿದ ಹಾರ, ತಂದ ಪ್ಲಾಸ್ಟಿಕ್ ಕವರಿನ ಸಮೇತ.

ಕಾಂಪೌಂಡಿನ ಆಚೆ ಗಿಡಕ್ಕೆ ನೀರು ಬಿಡುತ್ತಿದ್ದ ರಾಯರಿಗೆ ಹೇಳಿದೆ. "ಮತ್ತೇನ್ರೀ, ಕಸದ ಗಾಡಿಗೆ ಹಾಕಕ್ಕಾಗುತ್ಯೇ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಅಂದರು.

ಪ್ರಶ್ನೆ ಸಣ್ಣದಲ್ಲ. ಚಿಪ್ಸ್ ಪೊಟ್ಟಣ ಎಸೆಯುವ ಹುಡುಗನನ್ನು ಬೈಯಲು ನಾವು ಹತ್ತು ಜನ ಇದ್ದೇವೆ. ಕೈಮುಗಿದು ಎಸೆಯುವವರನ್ನು ಕೇಳೋರು ಯಾರು?

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ನೋಡಿ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮ ಬಿಟ್ಟ ಜಾಗ. ಅಲ್ಲಿ ಅಸ್ಥಿ ಬಿಟ್ಟು ಮುಳುಗು ಹಾಕಿದವರು ಉಟ್ಟ ಬಟ್ಟೆಯನ್ನೂ ಹೊಳೆಗೇ ಬಿಟ್ಟು ಬರುತ್ತಾರೆ, ಪಾಪವೂ ಅದರ ಜೊತೆಗೇ ಹೋಯಿತು ಅಂತ. ನಮ್ಮಜ್ಜನ ಕಾಲದಲ್ಲಿ ಅದು ಹತ್ತಿಯ ಪಂಚೆ, ನೆನೆದು ಕೊಳೆತು ಮಣ್ಣಾಗುತ್ತಿತ್ತು. ಈಗಿನದು ಪಾಲಿಯೆಸ್ಟರ್ ಸೀರೆ, ಟೆರಿಕಾಟ್ ಷರ್ಟು. ಕಲ್ಲಿಗೋ ಬೇರಿಗೋ ಸುತ್ತಿಕೊಂಡರೆ ನಾವು ಹೋದರೂ ಅದು ಹೋಗುವುದಿಲ್ಲ.

"ಬೆಂಗಳೂರಿನವರೇ ಹೆಚ್ಚು ಬರ್ತಾರೆ" ಅಂತ ರಾಯರು ಮೈಸೂರಿನವರ ಪರವಾಗಿ ಒಂದು ಮಾತು ಸೇರಿಸಿದರು. ಬರಲಿ. ಆ ನೀರು ಕೆಳಕ್ಕೆ ಹರಿದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ, ಪಂಪಿನಲ್ಲಿ ಬೆಟ್ಟಗುಡ್ಡ ಏರಿ ಬೆಂಗಳೂರಿನ ನಲ್ಲಿಗೇ ಬರುತ್ತದೆ. ಹೊಳೆಗೆ ಬಿಟ್ಟ ಪಾಪಕ್ಕೆ ಹಿಂದಿರುಗುವ ದಾರಿ ಚೆನ್ನಾಗಿ ಗೊತ್ತು! ರಾಯರು ನಕ್ಕರು, ಪೈಪು ಮಾತ್ರ ರಸ್ತೆಗೇ ಹರಿಯುತ್ತಿತ್ತು.

ಇನ್ನು ಸ್ನಾನಘಟ್ಟದ ಶಾಂಪೂ ಪೊಟ್ಟಣ. ಪ್ಲಾಸ್ಟಿಕ್ಕಿಗೆ ತವರ ಬಣ್ಣದ ಹಾಳೆ ಅಂಟಿಸಿದ ಆ ಚೂರಿಗೆ ಗುಜರಿಯಲ್ಲಿ ಬೆಲೆಯಿಲ್ಲ, ಹಾಗಾಗಿ ಚಿಂದಿ ಆಯುವವರೂ ಮುಟ್ಟುವುದಿಲ್ಲ. 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಾದ ಪಟ್ಟಿಯಲ್ಲಿ ಪ್ಲಾಸ್ಟಿಕ್ ಚಮಚ, ಸ್ಟ್ರಾ, ಅಲಂಕಾರದ ಥರ್ಮಾಕೋಲ್ ಇವೆ, ಇದಿಲ್ಲ. 2025ರಲ್ಲಿ ನಮ್ಮ ಅರಣ್ಯ ಸಚಿವರು ತೀರ್ಥಕ್ಷೇತ್ರಗಳ ಹೊಳೆದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು, ಬಟ್ಟೆ ಬಿಡಬಾರದು ಅಂತ ಸೂಚನೆ ಕೊಟ್ಟರು. ಒಳ್ಳೆಯದೇ. ಆದರೆ ಪೊಟ್ಟಣಗಳು ಯಾತ್ರಿಕರ ಬ್ಯಾಗಿನಲ್ಲೂ ಬರುತ್ತವೆ.

ಬರೀ "ಬೇಡ" ಅಂದರೆ ನಮ್ಮ ಜನ ಕೇಳುವುದಿಲ್ಲ, ಮರ್ಯಾದೆಯ ಇನ್ನೊಂದು ಜಾಗ ತೋರಿಸಿದರೆ ಕೇಳುತ್ತಾರೆ. ಬೆಂಗಳೂರಿನ ಸ್ಯಾಂಕಿ ಕೆರೆ, ಯಡಿಯೂರು ಕೆರೆಗಳ ಪಕ್ಕ ಕಲ್ಯಾಣಿ ಕಟ್ಟಿದರು. ಗಣೇಶನನ್ನು ಕೆರೆಗೇ ಬಿಡಬೇಕು ಅನ್ನುತ್ತಿದ್ದವರು ಈಗ ಅಲ್ಲೇ ಸಾಲುನಿಂತು ಮುಳುಗಿಸುತ್ತಾರೆ. ಯಾರ ಭಕ್ತಿಗೂ ಕುಂದು ಬಂದ ಹಾಗಿಲ್ಲ.

"ಪಟಕ್ಕೂ ಕಲ್ಯಾಣಿ ಕಟ್ಟಿಸ್ತೀರಾ?" ಅಂದರು ರಾಯರು. ಕಟ್ಟುವುದೇನೂ ಬೇಡ. ವಿಸರ್ಜನೆ ಮಂತ್ರ ಹೇಳಿ ಅಕ್ಷತೆ ಹಾಕಿದ ಮೇಲೆ ಗಣೇಶ ಮಣ್ಣು ತಾನೇ? ವರ್ಷವರ್ಷ ರಾಯರೇ ಹೇಳುವ ಮಂತ್ರ. ಪಟಕ್ಕೂ ಅಷ್ಟೇ ಮಾಡಿದರೆ ಉಳಿಯುವುದು ಗಾಜು, ಮರ, ಕಾಗದ. ರಾಯರು ಒಂದು ನಿಮಿಷ ಯೋಚಿಸಿ, "ಶಾಸ್ತ್ರಕ್ಕೇನೂ ವಿರೋಧ ಕಾಣಲ್ಲ" ಅಂದರು. ಅಷ್ಟು ಸಾಕು ನನಗೆ.

ದಸರೆಗೆ ಮನೆ ಧೂಳು ಹೊಡೆಯುವವರು ದಯವಿಟ್ಟು ಕೇಳಿ. ಎರಡು ಕಾಳು ಅಕ್ಷತೆ ಹಾಕಿ, ಕಟ್ಟು ಬಿಚ್ಚಿ. ಗಾಜು ಚೆನ್ನಾಗಿದ್ದರೆ ಪಟಕ್ಕೆ ಕಟ್ಟು ಹಾಕುವ ಅಂಗಡಿಗೆ ಕೊಡಿ, ಒಡೆದಿದ್ದರೆ ಪೇಪರಿನಲ್ಲಿ ಸುತ್ತಿ, ಗಾಜು ಅಂತ ಹೇಳಿ ಕಸದ ಗಾಡಿಯವರ ಕೈಗೆ ಕೊಡಿ. ಅರಳಿಕಟ್ಟೆಗೆ ಮಾತ್ರ ಹೊರಬೇಡಿ.