ಪ್ರೋಗ್ ಶಾಸ್ತ್ರಿಗಳು

ಇಂಗ್ಲೆಂಡಿನ ಯಾವ ಸಾಧಾರಣ ಪಟ್ಟಣಕ್ಕೆ ಹೋದರೂ, ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಮಾರುವ ಅಂಗಡಿಯ ಒಳಮೂಲೆಯಲ್ಲಿ, ತಲೆಯ ಮುಂಭಾಗದ ಕೇಶಸಂಪತ್ತನ್ನು ಕಾಲಪುರುಷನಿಗೆ ಒಪ್ಪಿಸಿಯೂ ಹಿಂಭಾಗದ್ದನ್ನು ಭುಜದವರೆಗೆ ಪೋಷಿಸಿಕೊಂಡು ಬಂದಿರುವ, ಅರುವತ್ತೈದರ ಆಚೆಗಿನ, ಗಂಭೀರ ಮುಖಮುದ್ರೆಯ ಗೃಹಸ್ಥರೊಬ್ಬರು ನಿಂತಿರುವುದನ್ನು ಕಾಣಬಹುದು. ಅವರು ಏನನ್ನೂ ಕೊಳ್ಳಲು ಬಂದವರಲ್ಲ; ಕೊಳ್ಳತಕ್ಕದ್ದೆಲ್ಲ ಅವರ ಮನೆಯಲ್ಲಿ ಆಗಲೇ ಮೂರು ಮೂರು ಪ್ರತಿ ಉಂಟು. ಇತರರು ಏನನ್ನು ಕೊಳ್ಳುತ್ತಿದ್ದಾರೆಂದು ಓರೆಗಣ್ಣಿನಿಂದ ನೋಡಿ, ಅದರ ಬದಲು ಬೇರೆ ಯಾವುದನ್ನು ಕೊಳ್ಳಬೇಕಾಗಿತ್ತೆಂದು, ಕೇಳಿದರೂ ಕೇಳದಿದ್ದರೂ, ತಿಳಿಯಹೇಳುವುದು ಅವರ ಆಗಮನದ ಉದ್ದೇಶ. ಇವರನ್ನು ನಾನು ಪ್ರೋಗ್ ಶಾಸ್ತ್ರಿಗಳೆಂದು ಕರೆಯುತ್ತೇನೆ. ಈ ಬಿರುದಿಗೆ ಅವರು ಎಷ್ಟರ ಮಟ್ಟಿಗೆ ಅರ್ಹರೆಂಬುದು ಮುಂದೆ ವಿದಿತವಾಗುವುದು.

ಪ್ರೋಗ್ರೆಸಿವ್ ರಾಕ್ ಎಂಬುದು, ಅದರ ಪರಿಚಯವಿಲ್ಲದ ಪುಣ್ಯವಂತರಿಗೆ ಹೇಳುವುದಾದರೆ, ಮೂರು ನಿಮಿಷಗಳಲ್ಲಿ ಮುಗಿಯಬಹುದಾದ ಹಾಡನ್ನು ಇಪ್ಪತ್ತಕ್ಕೆ ಹಿಗ್ಗಿಸಿ, ನಾಲ್ಕು ಎಣಿಕೆಯಲ್ಲಿ ಸುಖವಾಗಿ ಸಾಗುತ್ತಿದ್ದ ತಾಳವನ್ನು ಏಳಕ್ಕೂ ಹದಿಮೂರಕ್ಕೂ ಎಳೆದು, ಗಿಟಾರಿನ ಮಗ್ಗುಲಿಗೆ ಮೆಲೋಟ್ರಾನ್ ಎಂಬ, ಕೀಲಿಮಣೆಯ ಒಂದೊಂದು ಮನೆಗೂ ಟೇಪಿನ ತುಂಡೊಂದನ್ನು ಕಟ್ಟಿಕೊಂಡು, ಒತ್ತಿದ ಎಂಟು ಸೆಕೆಂಡಿಗೆಲ್ಲ ಟೇಪು ತೀರಿ ಮೌನವನ್ನು ವಹಿಸುವ ವಾದ್ಯವನ್ನು ಇರಿಸಿ, ರಾಕ್ ಸಂಗೀತವೂ ಶಾಸ್ತ್ರೀಯವೇ ಎಂದು ಲೋಕವನ್ನು ಒಪ್ಪಿಸಲು ಹೊರಟ ಆಂಗ್ಲ ತರುಣರ ಸೃಷ್ಟಿ. 1969ರ ಅಕ್ಟೋಬರಿನಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಪ್ರಥಮ ಆಲ್ಬಮ್ ಹೊರಟಾಗ ಇದಕ್ಕೆ ಪಟ್ಟಾಭಿಷೇಕವಾಯಿತೆಂದೂ, 1976-77ರಲ್ಲಿ ಪಂಕ್ ಹುಡುಗರು ಹರಿದ ಅಂಗಿಗಳಲ್ಲಿ ಬಂದು ಸಿಂಹಾಸನವನ್ನು ಉರುಳಿಸಿದರೆಂದೂ ಶಾಸ್ತ್ರಿಗಳ ಇತಿಹಾಸಕ್ರಮ. ಆ ಏಳೆಂಟು ವರ್ಷಗಳ ರಾಜ್ಯಭಾರದ ಮೇಲೆ ಅವರು ಐವತ್ತು ವರ್ಷಗಳಿಂದ ಭಾಷ್ಯವನ್ನು ಹೇಳುತ್ತ ಬಂದಿದ್ದಾರೆ. ಭಾಷ್ಯಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ ಇನ್ನೂ ಹುಟ್ಟುತ್ತಲೇ ಇವೆ.

ಇಂತಹವರನ್ನು ನಾನು ಸಮೀಪದಿಂದ ನೋಡಿದ್ದು ಕ್ಯಾಂಟರ್ಬರಿಯ ಒಂದು ಪಬ್ಬಿನಲ್ಲಿ. ಸಾಫ್ಟ್ ಮಶೀನ್, ಕ್ಯಾರವಾನ್ ಮೊದಲಾದ ತಂಡಗಳಿಗೆ ತವರಾದ ಈ ಊರು ಮಹಾಮಂದಿರಕ್ಕೆ ಹೇಗೋ ಹಾಗೆ ಪ್ರೋಗ್ ಪರಂಪರೆಗೂ ಕ್ಷೇತ್ರವೇ ಸರಿ. ಮೇಜಿನ ಸುತ್ತ ನಾಲ್ವರು ಶಾಸ್ತ್ರಿಗಳು. ಅತ್ಯುತ್ತಮ ಗಿಟಾರ್ ವಾದಕನಾರೆಂಬ ಪ್ರಮೇಯ. ಹಿರಿಯರಾದವರು ಕಿಂಗ್ ಕ್ರಿಮ್ಸನ್ನಿನ ರಾಬರ್ಟ್ ಫ್ರಿಪ್ ಪಕ್ಷ. ರಾಕ್ ವಾದಕನೆಂದಮೇಲೆ ವೇದಿಕೆಯ ಮೇಲೆ ಕುಣಿಯತಕ್ಕದ್ದೆಂಬ ಲೋಕರೂಢಿಯನ್ನು ಧಿಕ್ಕರಿಸಿ, ಸ್ಟೂಲಿನ ಮೇಲೆ ಕುಳಿತು, ಸಭಿಕರಲ್ಲಿ ಯಾರಾದರೂ ಛಾಯಾಚಿತ್ರ ತೆಗೆದರೆ ಕೋಪಿಸಿಕೊಳ್ಳುವ ಈ ವಾದಕನ ಮಹಿಮೆಯನ್ನು ಸ್ಥಾಪಿಸುವುದಕ್ಕಾಗಿ ಅವರು ಜೇಬಿನಿಂದ ಫೋನನ್ನು ತೆಗೆದು, 1974ರ 'ಸ್ಟಾರ್‌ಲೆಸ್' ಎಂಬ ಕೃತಿಯ ಮಧ್ಯಭಾಗವನ್ನು ಹಚ್ಚಿದರು. ಹದಿಮೂರು ಎಣಿಕೆಯ ಆವರ್ತ; ಅದರ ಮೇಲೆ ಫ್ರಿಪ್ ಒಂದೇ ಒಂದು ಸ್ವರವನ್ನು ಮೀಟುತ್ತಾರೆ, ಮತ್ತೆ ಅದನ್ನೇ ಮೀಟುತ್ತಾರೆ, ಇನ್ನೂ ಅದನ್ನೇ ಮೀಟುತ್ತಾರೆ; ಕೇಳುವವನಿಗೆ ತಟ್ಟೆಯೇ ಸಿಕ್ಕಿಕೊಂಡಿತೋ ಎಂಬ ಶಂಕೆ ಬಲಿಯುವ ವೇಳೆಗೆ ಒಂದಿಷ್ಟು ಮೇಲಕ್ಕೆ ಏರುತ್ತಾರೆ. ಶಾಸ್ತ್ರಿಗಳು ಕಣ್ಣು ಮುಚ್ಚಿ, ನಮ್ಮ ರಾಮನವಮಿ ಕಛೇರಿಗಳ ಮುಂದಿನ ಸಾಲಿನ ರಸಿಕರು ತೊಡೆಯ ಮೇಲೆ ಹಾಕುವಂತೆ, ಮೇಜಿನ ಮೇಲೆ ಹದಿಮೂರನ್ನೂ ತಪ್ಪದೆ ಹಾಕಿದರು. ನಾಲ್ಕೂ ಲೋಟಗಳ ಬಿಯರು ಕಂಪಿಸಿತು.

"ಇದನ್ನು ನನ್ನ ಮೊಮ್ಮಗನೂ ನುಡಿಸುತ್ತಾನೆ" ಎಂದರು ಯೆಸ್ ತಂಡದ ಸ್ಟೀವ್ ಹೌ ಪಕ್ಷದವರು.

"ನುಡಿಸುವುದಕ್ಕೇನು, ಯಾರಾದರೂ ನುಡಿಸುತ್ತಾರೆ. ಎರಡನೆಯ ಸ್ವರಕ್ಕೆ ಕೈಹಾಕದೆ ಇರುವುದಕ್ಕೆ ನಿಮ್ಮ ಮೊಮ್ಮಗನಿಂದಾದೀತೆ?"

ಇದಕ್ಕೆ ಉತ್ತರವಿಲ್ಲ. ಆದರೂ ಹೌ ಪಕ್ಷದವರು ಸುಮ್ಮನಿರತಕ್ಕವರಲ್ಲ. ಅವರ ನಾಯಕರು 1964ರಲ್ಲಿ ಕೊಂಡ ಗಿಬ್ಸನ್ ಗಿಟಾರಿಗೆ ವಿಮಾನಯಾನದಲ್ಲಿ ಪ್ರತ್ಯೇಕ ಆಸನವನ್ನೇ ಕೊಂಡು ಕೂರಿಸಿಕೊಂಡು ಹೋಗುತ್ತಿದ್ದರೆಂಬುದನ್ನು, ಅದು ವಾದನಕೌಶಲಕ್ಕೆ ಹೇಗೆ ಪ್ರಮಾಣವೆಂಬುದನ್ನು ವಿವರಿಸದೆಯೇ, ಮಂಡಿಸಿದರು. ಮೂರನೆಯವರು ಜೆನೆಸಿಸ್ ತಂಡದ ಸ್ಟೀವ್ ಹ್ಯಾಕೆಟ್ ಪಕ್ಷ. ಮಿತಭಾಷಿಗಳು, ಅದು ಅವರ ದೈವಕ್ಕೆ ಒಪ್ಪುವ ಗುಣವೂ ಹೌದು. ಏಕೆಂದರೆ 1972ರ ಸುಮಾರಿಗೆ ಗಾಯಕ ಪೀಟರ್ ಗೇಬ್ರಿಯಲ್ ತಲೆಗೆ ನರಿಯ ಮುಖವನ್ನೂ ಮೈಗೆ ತಮ್ಮ ಪತ್ನಿಯ ಕೆಂಪು ನಿಲುವಂಗಿಯನ್ನೂ ಧರಿಸಿ ವೇದಿಕೆಯನ್ನು ಆಕ್ರಮಿಸಿಕೊಂಡಿದ್ದಾಗ, ಹ್ಯಾಕೆಟ್ ಒಂದು ಬದಿಯಲ್ಲಿ ಕುಳಿತು, ತಲೆ ತಗ್ಗಿಸಿಕೊಂಡು, ತಮ್ಮ ಕೆಲಸವನ್ನು ತಾವು ಮಾಡುತ್ತಿದ್ದರು.

ನಾಲ್ಕನೆಯವರ ಸ್ಥಿತಿ ಶೋಚನೀಯ. ಐವತ್ತೇ ವಯಸ್ಸಿನ ಈ ಬಾಲಕರು ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಹೆಸರನ್ನು ಎತ್ತಿದರು. ಉಳಿದ ಮೂವರೂ ತಮ್ಮ ಪರಸ್ಪರ ವೈರವನ್ನು ಆ ಕ್ಷಣವೇ ಮರೆತು ಒಂದಾದರು. ಗಿಲ್ಮೋರ್ ಮಾಡಿದ ಅಪರಾಧ ಇಷ್ಟೆ: ಅವರ ವಾದನ ಎಲ್ಲರಿಗೂ ಇಷ್ಟವಾಗುತ್ತದೆ. 2019ರಲ್ಲಿ ಅವರ ಕಪ್ಪು ಗಿಟಾರು ಹರಾಜಿನಲ್ಲಿ ಸುಮಾರು 40 ಲಕ್ಷ ಡಾಲರಿಗೆ ಹೋಯಿತೆಂದು ತರುಣರು ಹೇಳಿದ್ದೇ ತಡ, "ಅದೇ ಸಾಕ್ಷ್ಯ" ಎಂದರು ಹಿರಿಯರು. ಪಿಂಕ್ ಫ್ಲಾಯ್ಡ್ ಪ್ರೋಗ್ ಹೌದೋ ಅಲ್ಲವೋ ಎಂಬ ಪೂರ್ವಭಾವಿ ಪ್ರಶ್ನೆಯೇ ಇತ್ಯರ್ಥವಾಗಿಲ್ಲವೆಂದು ಇನ್ನೊಬ್ಬರು ಆಕ್ಷೇಪಣೆಯನ್ನು ದಾಖಲು ಮಾಡಿದರು. 'ಮನಿ' ಎಂಬ ಹಾಡು ಏಳರ ಎಣಿಕೆಯಲ್ಲಿದೆಯಲ್ಲ ಎಂದು ತರುಣರು ಗೋಗರೆದರು. ನಾನೂ ಮನಸ್ಸಿನಲ್ಲಿಯೇ ಮಿಶ್ರಛಾಪು ಹಾಕಿ ನೋಡಿ ಹೌದೆಂದು ತಲೆದೂಗಿದೆ. ಹಿರಿಯರು ನಕ್ಕರು. "ಗಿಟಾರಿನ ಸರದಿ ಬಂದಾಗ ಎಣಿಕೆ ಎಷ್ಟಕ್ಕೆ ಇಳಿಯುತ್ತದೆ, ಹೇಳಿ." ನಾಲ್ಕಕ್ಕೆ ಇಳಿಯುತ್ತದೆ, ಅದು ನಿಜ. ತರುಣರು ಎದ್ದು ಎಲ್ಲರಿಗೂ ಬಿಯರು ತರಲು ಹೋದರು.

ಶಾಸ್ತ್ರಿಗಳ ದರ್ಶನದ ತಿರುಳು ನಿರ್ಗಮನ ಸಿದ್ಧಾಂತ. ಯಾವ ತಂಡವೇ ಆಗಲಿ, ಅದರಲ್ಲಿದ್ದ ಯಾರೋ ಒಬ್ಬರು ಬಿಟ್ಟುಹೋದ ದಿನವೇ ಅದು ಸತ್ತಿತು. ಆ ಒಬ್ಬರು ಯಾರೆಂಬುದರಲ್ಲಿ ಮಾತ್ರ ಮತಭೇದ. ಯೆಸ್ ತಂಡವು 1972ರಲ್ಲಿ ಡ್ರಮ್ಮುಗಾರ ಬಿಲ್ ಬ್ರೂಫರ್ಡ್ ಕಿಂಗ್ ಕ್ರಿಮ್ಸನ್ನಿಗೆ ಹೊರಟುಹೋದಾಗ ಸತ್ತಿತು. ಜೆನೆಸಿಸ್ 1975ರಲ್ಲಿ ಗೇಬ್ರಿಯಲ್ ಹೋದಾಗ ಸತ್ತಿತೆಂದು ಕಟ್ಟಾ ಪಂಥ. 1977ರಲ್ಲಿ ಹ್ಯಾಕೆಟ್ ಹೋಗುವವರೆಗೆ ಉಸಿರಿತ್ತೆಂದು ಉದಾರ ಪಂಥ. ಪಿಂಕ್ ಫ್ಲಾಯ್ಡ್ 1968ರಲ್ಲಿ ಸಿಡ್ ಬ್ಯಾರೆಟ್ ಹೋದಾಗಲೇ, ಅಂದರೆ ಯಾವ ಆಲ್ಬಮ್ಮುಗಳಿಂದ ಅದು ಲೋಕವಿಖ್ಯಾತವಾಯಿತೋ ಅವೆಲ್ಲ ಹೊರಡುವುದಕ್ಕೆ ಮೊದಲೇ, ಸತ್ತಿತೆನ್ನುವ ವೀರರೂ ಇದ್ದಾರೆ. ಕಿಂಗ್ ಕ್ರಿಮ್ಸನ್ನಿನದು ಇದಕ್ಕೆ ವಿರುದ್ಧ ಕಥೆ: ಅಲ್ಲಿ ಫ್ರಿಪ್ ಒಬ್ಬರನ್ನುಳಿದು ಮಿಕ್ಕವರೆಲ್ಲ ಬರುತ್ತ ಹೋಗುತ್ತ ಇದ್ದು, ಕೊನೆಗೆ 1974ರಲ್ಲಿ, 'ರೆಡ್' ಎಂಬ ಆಲ್ಬಮ್ ಅಂಗಡಿಗೆ ಬರುವ ಮುನ್ನವೇ, ಸ್ವತಃ ಫ್ರಿಪ್ ಅವರೇ ಬಾಗಿಲು ಹಾಕಿಬಿಟ್ಟರು. ಸರಕು ಬರುವ ಹೊತ್ತಿಗೆ ಅಂಗಡಿ ಮುಚ್ಚುವ ಈ ವ್ಯವಹಾರಜ್ಞಾನವನ್ನು ಶಾಸ್ತ್ರಿಗಳು ಪರಮ ಕಲಾನಿಷ್ಠೆಯೆಂದು ಭಾವಿಸುತ್ತಾರೆ.

ಹೀಗಿರುವಲ್ಲಿ, ನಾನು ಭಾರತೀಯನೆಂಬುದು ಯಾರಿಗೋ ನೆನಪಾಗಿ, ನನ್ನನ್ನು ಮಧ್ಯಸ್ಥನನ್ನಾಗಿ ನಿಯಮಿಸಿದರು. ಸಂಗತಿ ಇದು: ಯೆಸ್ ತಂಡದ ಗಾಯಕ ಜಾನ್ ಆಂಡರ್ಸನ್, ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರಗಳೆಂಬ ಚತುರ್ವಿಧ ಶಾಸ್ತ್ರಗಳನ್ನು ಕುರಿತ ಒಂದು ಅಡಿಟಿಪ್ಪಣಿಯನ್ನು ಓದಿ ಮೋಹಿತರಾಗಿ, ಒಂದೊಂದು ಶಾಸ್ತ್ರಕ್ಕೆ ತಟ್ಟೆಯ ಒಂದೊಂದು ಮುಖದಂತೆ, 1973ರಲ್ಲಿ ನಾಲ್ಕು ಮುಖಗಳ ಜೋಡಿ ಆಲ್ಬಮ್ಮನ್ನೇ ರಚಿಸಿದರು. ಅಡಿಟಿಪ್ಪಣಿಯನ್ನು ಇಷ್ಟು ಶ್ರದ್ಧೆಯಿಂದ ಓದಿದವರು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿಯೂ ವಿರಳ. ತಂಡದ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅವರಿಗೆ ಈ ಶಾಸ್ತ್ರಪಾಠ ರುಚಿಸದೆ, ಅವರೇ ಹೇಳಿಕೊಂಡಿರುವಂತೆ, ಮ್ಯಾಂಚೆಸ್ಟರಿನ ಕಛೇರಿಯ ನಡುವೆ ವೇದಿಕೆಯ ಮೇಲೆಯೇ ಕರಿ ತರಿಸಿಕೊಂಡು ಊಟ ಮಾಡಿದರು. ಮರುವರ್ಷ ತಂಡವನ್ನೇ ಬಿಟ್ಟರು. ಇದು ಮಹಾಕಾವ್ಯವೋ ಶಬ್ದಾಡಂಬರವೋ, ಶಾಸ್ತ್ರದ ನಾಡಿನವರಾದ ನೀವು ಹೇಳಬೇಕು ಎಂದು ನಾಲ್ವರೂ ನನ್ನ ಕಡೆಗೆ ತಿರುಗಿದರು.

ಒಟ್ಟು ಎಷ್ಟು ಹೊತ್ತಿನದೆಂದು ಕೇಳಿದೆ. ಸುಮಾರು ಎಂಬತ್ತು ನಿಮಿಷವೆಂದರು. ನಾಲ್ಕೂ ಶಾಸ್ತ್ರಗಳನ್ನು ಎಂಬತ್ತು ನಿಮಿಷಗಳಲ್ಲಿ ಮುಗಿಸಿದವರನ್ನು ದೀರ್ಘಸೂತ್ರಿಗಳೆಂದು ನಿಂದಿಸುವ ಅಧಿಕಾರ ನಮ್ಮ ಕಡೆಯ ಯಾರಿಗೂ ಇಲ್ಲವೆಂದು ತೀರ್ಪು ಕೊಟ್ಟೆ. ಹೌ ಪಕ್ಷದವರು ನನ್ನ ಕೈ ಕುಲುಕಿದರು. ಹಿರಿಯ ಶಾಸ್ತ್ರಿಗಳಾದರೋ, ಮೂರನೆಯ ಮುಖದ ಪುರಾಣಭಾಗದಲ್ಲಿ ತಂಡದವರು ಸ್ಮೃತಿಗೆ ಅನ್ಯಾಯ ಮಾಡಿದ್ದಾರೆಂದು ನನಗೇ ಪಾಠ ಹೇಳಲು ತೊಡಗಿದರು. ನನಗಿಂತ ಅವರಿಗೆ ಹೆಚ್ಚು ತಿಳಿದಿತ್ತೆಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ.

ಇವರ ಸಭೆಗಳಲ್ಲಿ ಸ್ತ್ರೀಯರು ಕಾಣಸಿಗುವುದು ಅಪೂರ್ವ. ಪ್ರೋಗ್ ಕಛೇರಿಯ ವಿರಾಮದಲ್ಲಿ ಮಾತ್ರ ಮಹಿಳೆಯರ ಶೌಚಾಲಯ ನಿರ್ಜನವಾಗಿದ್ದು ಗಂಡಸರ ಸಾಲು ಬೀದಿಯವರೆಗೆ ಬೆಳೆದಿರುತ್ತದೆಂಬ ಹಳೆಯ ಪರಿಹಾಸ್ಯವನ್ನು ಅವರೇ ಹೇಳಿ ನಗುತ್ತಾರೆ. ಈ ಕುಲದ ಶಾಖೆ ನಮ್ಮಲ್ಲಿಯೂ ಉಂಟು: 2002ರಲ್ಲಿ, ಹಿಂದೆ ಪಿಂಕ್ ಫ್ಲಾಯ್ಡ್ ತಂಡದಲ್ಲಿದ್ದ ರಾಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಗಿಲ್ಮೋರ್ ಇಲ್ಲದ ಆ ಕಛೇರಿಯನ್ನು ಪಿಂಕ್ ಫ್ಲಾಯ್ಡ್ ಲೆಕ್ಕಕ್ಕೆ ಜಮಾ ಮಾಡಬಹುದೇ ಎಂಬ ವ್ಯಾಜ್ಯ, ಬಲ್ಲವರು ಹೇಳುವಂತೆ, ಕಾಕ್ಸ್‌ಟೌನಿನ ಕಡೆ ಇನ್ನೂ ನಡೆಯುತ್ತಿದೆ.

ಪಬ್ಬು ಮುಚ್ಚಿದಮೇಲೆ ಹಿರಿಯ ಶಾಸ್ತ್ರಿಗಳು ನನ್ನನ್ನು ಮನೆಗೆ ಕರೆದೊಯ್ದರು. ಕೈ ತೊಳೆದು ಒರೆಸಿಕೊಂಡು ಬಂದು, ಕ್ರಿಮ್ಸನ್ನಿನ ಪ್ರಥಮ ಆಲ್ಬಮ್ಮಿನ, ಗುಲಾಬಿ ಲೇಬಲಿನ ಮೂಲ ಮುದ್ರಣವನ್ನು ಅಂಚಿನಿಂದ ಹಿಡಿದು ಮೇಲೆತ್ತಿ, ಹಾಡು ಮುಗಿದಮೇಲೆ ಉಳಿಯುವ ಬರಿಯ ವರ್ತುಲದಲ್ಲಿ ಕೊರೆದಿದ್ದ ಅಂಕೆಗಳನ್ನು ದೀಪಕ್ಕೆ ಓರೆಮಾಡಿ ನನಗೆ ಓದಿಸಿದರು. ಕೇಳಿಸುವಿರಾ ಎಂದೆ. ಅವರ ಮುಖ ಕಪ್ಪಿಟ್ಟಿತು. ಮೂಲ ಮುದ್ರಣವನ್ನು ನುಡಿಸಿದರೆ ಸವೆಯುತ್ತದೆ. ಎರಡನೆಯ ಪ್ರತಿ ಕ್ರಿಸ್‌ಮಸ್ಸಿಗೆ. ಸ್ಟೀವನ್ ವಿಲ್ಸನ್ ಹೊಸದಾಗಿ ಮಿಶ್ರಣ ಮಾಡಿಕೊಟ್ಟ ಮೂರನೆಯದು ಹೋಲಿಕೆಗೆ. ಒಳಗಿನಿಂದ ಬಂದ ಅವರ ಪತ್ನಿ, "ಇದೇ ಅಲ್ಲವೇ ಹಿಂದೆಯೂ ಎರಡು ಸಲ ತಂದದ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಹಾ ಇಟ್ಟು ಹೋದರು. ಆ ರಾತ್ರಿ ನಾವು ಏನನ್ನೂ ಕೇಳಲಿಲ್ಲ.

ನನ್ನ ಅಭಿಪ್ರಾಯವನ್ನು ಕೇಳುವವರಿಗೆ ಹೇಳುವುದಾದರೆ, 1973ರ 'ಫರ್ಥ್ ಆಫ್ ಫಿಫ್ತ್' ಎಂಬ ಒಂದೇ ಹಾಡಿನ ವಾದನದ ಬಲದಿಂದ ನನ್ನ ಮತ ಹ್ಯಾಕೆಟ್ ಅವರಿಗೆ. ಕ್ಯಾಂಟರ್ಬರಿಯಲ್ಲಿ ನಾನು ಇದನ್ನು ಹೇಳಲಿಲ್ಲ. ಓದುಗರಲ್ಲಿ ಯಾರಾದರೂ ಅಲ್ಲಿಗೆ ಹೋದಲ್ಲಿ, ದಯವಿಟ್ಟು ಅವರೂ ಹೇಳಬಾರದು.