ಪರಿಕರವ್ಯಸನಿ ಅನುವಾದಕ

ಹಳೆಯ ಜಪಾನಿ ವಿಡಿಯೋ ಗೇಮ್ ಒಂದನ್ನು ಕನ್ನಡಕ್ಕೆ ತರಬೇಕೆಂಬ ಸಂಕಲ್ಪದಿಂದ ಪ್ರೋಗ್ರಾಮಿಂಗ್ ಕಲಿಯಲು ಕುಳಿತು, ಕಲಿತ ಮೇಲೂ ಏಳದೆ ಉಳಿದ ಗೃಹಸ್ಥರು ಅಲ್ಲಲ್ಲಿ ಕಾಣಸಿಗುವರಾದರೂ, ಈ ವರ್ಗದ ಪರಿಪಕ್ವ ಮಾದರಿಯನ್ನು ನೋಡಲು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್‌ಗೇ ಹೋಗಬೇಕು. 1920ರಲ್ಲಿ ಕೊಚ್ಚಿಗೆ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಹಡಗುದಾರಿಗಾಗಿ ಹೂಳೆತ್ತಿಸಿ, ಎತ್ತಿದ ಮಣ್ಣನ್ನೇ ತುಂಬಿಸಿ ಕಟ್ಟಿದ ಈ ದ್ವೀಪದಲ್ಲಿ, ಕಸ್ಟಮ್ಸ್ ಹೌಸಿನ ಆಸುಪಾಸಿನ ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ, ಕಾಸರಗೋಡು ಕಡೆಯ ಕನ್ನಡಿಗ ಗುಮಾಸ್ತನಾಗಿ ಈತ ಇರುತ್ತಾನೆ.

ಉದ್ಯೋಗವೇ ಈತನನ್ನು ವ್ಯಸನಕ್ಕೆ ಹದಗೊಳಿಸಿದೆ. ಸುಂಕದ ಪಟ್ಟಿಯಲ್ಲಿ ಗೇರುಬೀಜ 0801, ಕರಿಮೆಣಸು 0904 ಎಂದು ಲೋಕವೆಲ್ಲ ಅಂಕಿಗಳಲ್ಲಿ ಅಡಗಿರುವಂತೆಯೇ, ನಮ್ಮ ಮಕ್ಕಳು ‘ಕ್ಯಾಸೆಟ್’ ಎನ್ನುತ್ತಿದ್ದ ಆಟದ ಡಬ್ಬಿಯೊಳಗೂ ಪ್ರತಿ ಅಕ್ಷರಕ್ಕೊಂದು ಸಂಖ್ಯೆಯಿದ್ದು, ಯಾವ ಸಂಖ್ಯೆಗೆ ಯಾವ ಅಕ್ಷರವೆಂದು ತಿಳಿಸುವ ಯಾದಿಯನ್ನು ಟೇಬಲ್ ಫೈಲ್ ಎನ್ನುತ್ತಾರೆ. ಇದು ತಿಳಿದ ದಿನ ಈತನಿಗೆ ಜಪಾನೇ ಸ್ವಂತ ಊರೆನಿಸಿತು. ವಿಡಿಯೋ ಗೇಮ್ ಯಂತ್ರದ ಸುಂಕದ ಶೀರ್ಷಿಕೆ 9504 ಎಂಬುದನ್ನು ಕೇಳದವರಿಗೂ ಹೇಳುತ್ತಾನೆ.

ಈತ ಆರಿಸಿಕೊಂಡದ್ದು 1986ರಲ್ಲಿ ನಿಂಟೆಂಡೊದ ಫ್ಯಾಮಿಕಾಂ ಯಂತ್ರಕ್ಕೆ ಬಂದ ‘ಡ್ರ್ಯಾಗನ್ ಕ್ವೆಸ್ಟ್’. ರಾಜ, ರಾಕ್ಷಸ, ಸಂಗೀತ, ಸಂಭಾಷಣೆ ಎಲ್ಲ ಸೇರಿ 64 ಕಿಲೋಬೈಟು (ಇಂದು ವಾಟ್ಸಾಪಿಗೆ ಬರುವ ಮದುವೆ ಕರೆಯೋಲೆಯೇ ಅದಕ್ಕಿಂತ ಭಾರ). ಅಲ್ಲಿ ಅಕ್ಷರವೊಂದಕ್ಕೆ ದೊರೆಯುವ ನಿವೇಶನ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ಜಪಾನಿ ಕಾನಾ ಲಿಪಿ ಅದರಲ್ಲಿ ಕೈಕಾಲು ಚಾಚಿ ಮಲಗಬಲ್ಲುದು. ಕನ್ನಡದ ಅಕ್ಷರವಾದರೋ ತಲೆಕಟ್ಟು, ಗುಣಿತ, ಒತ್ತುಗಳೆಂಬ ಪರಿವಾರಸಮೇತ ಆಗಮಿಸುತ್ತದೆ. ಸಂಸ್ಕೃತ ತತ್ಸಮಗಳನ್ನು ತೊರೆದು ‘ಕಬ್ಬಿಗರ ಕಾವ’ ಬರೆದ ಆಂಡಯ್ಯನ ದಾರಿ ಹಿಡಿದರೆ ಒತ್ತಕ್ಷರಗಳಿಂದ ಪಾರಾಗಬಹುದೆಂದು ಈತ ಬಗೆದನಾದರೂ, ಶತ್ರುವನ್ನು ಹಗೆಯಾಗಿಸಿದ ಮೇಲೂ ಅಪ್ಪ, ಅಮ್ಮ, ಅಕ್ಕ, ಹಳ್ಳಿ ಎಲ್ಲವೂ ಒತ್ತುಸಮೇತ ಎದುರು ನಿಂತುದರಿಂದ ಆ ಕಾವ್ಯಮಾರ್ಗವನ್ನು ಬಿಡಬೇಕಾಯಿತು. ಆಗ ಹೊಳೆದದ್ದೇ ಈತನ ಜೀವಮಾನದ ಸಂಶೋಧನೆ: ಕಾನಾ ಲಿಪಿಯಲ್ಲಿ ‘ಕ’ವನ್ನು ‘ಗ’ ಆಗಿಸುವ ದಕುತೆನ್ ಎಂಬ ಜೋಡಿಗೀರಿಗಾಗಿ ಅಂದಿನ ಹಲವು ಆಟಗಳು ಸಾಲಿನ ಮೇಲೊಂದು ಪಂಕ್ತಿಯನ್ನು ಮೀಸಲಿಡುತ್ತಿದ್ದವು, ಅದನ್ನೇ ಮೇಲಿನ ಸಾಲಿನ ಒತ್ತುಗಳಿಗೆ ಗೇಣಿಗೆ ಕೊಟ್ಟರೆ? ಅಂದು ಈತ ಕಚೇರಿಗೆ ರಜೆ ಹಾಕಿದ.

ಈ ಗೇಣಿಪತ್ರ ಯಂತ್ರಕ್ಕೆ ತಿಳಿಯಬೇಕಾದರೆ ಅಸೆಂಬ್ಲಿ, ಅಂದರೆ ಪ್ರೊಸೆಸರಿನ ಒಂದೊಂದು ಹೆಜ್ಜೆಯನ್ನೂ ಹೆಸರಿಸಿ ಬರೆಯುವ ಭಾಷೆ, ಬೇಕು. ಪ್ರತಿ ಸಂಭಾಷಣೆ ಎಲ್ಲಿ ಆರಂಭವಾಗುತ್ತದೆಂದು ತೋರಿಸುವ ವಿಳಾಸಗಳಾದ ಪಾಯಿಂಟರುಗಳನ್ನು, ಮಾತು ಉದ್ದವಾದಂತೆಲ್ಲ ತಿದ್ದಲು ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಬೇಕು. ಹೀಗೆ ಫಾಂಟ್ ಕೊರೆಯುವುದಕ್ಕೊಂದು ಪರಿಕರ, ವಿಳಾಸ ತಿದ್ದುವುದಕ್ಕೊಂದು, ಇವೆರಡರ ತಪ್ಪು ಹಿಡಿಯುವುದಕ್ಕೆ ಮತ್ತೊಂದು ಹುಟ್ಟುತ್ತಿರುವಾಗ, ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಸಂಬಳಕ್ಕೆ ಇದೇ ಕೆಲಸ ಮಾಡುವ ಹೆಂಡತಿಯ ತಮ್ಮ, “ಭಾವ, ಮೊದಲು ಆ ರಾಜನ ಒಂದು ಮಾತಾದರೂ ಕನ್ನಡ ಮಾಡಿ” ಎಂದರೆ, ಅಡಿಪಾಯವಿಲ್ಲದೆ ಮಾಡು ಹೊದಿಸಲಾದೀತೇ ಎಂಬ ಉತ್ತರ ಸಿದ್ಧವಿರುತ್ತದೆ.

ಈ ಹವ್ಯಾಸದ ಹಿರಿಯರ ಚರಿತ್ರೆ ಈತನಿಗೆ ಕಂಠಸ್ಥ: 2006ರಲ್ಲಿ ಜಪಾನಿನಲ್ಲಿ ಮಾತ್ರ ಬಿಡುಗಡೆಯಾದ ‘ಮದರ್ 3’ ಆಟವನ್ನು ಕ್ಲೈಡ್ ಮ್ಯಾಂಡೆಲಿನ್ ಮತ್ತು ಸಂಗಡಿಗರು ಇಂಗ್ಲಿಷಿಗೆ ತಿರುಗಿಸಿ 2008ರಲ್ಲಿ ಪ್ಯಾಚ್ ಆಗಿ, ಅಂದರೆ ಮೂಲ ಆಟವನ್ನು ಹಂಚದೆ ಬದಲಾದ ಬೈಟುಗಳನ್ನಷ್ಟೇ ಕೊಡುವ ಕಡತವಾಗಿ, ಪ್ರಕಟಿಸಿದರೆಂದು ಭಕ್ತಿಯಿಂದ ಹೇಳುತ್ತಾನೆ. ಮ್ಯಾಂಡೆಲಿನ್ ವೃತ್ತಿಯಿಂದ ಜಪಾನಿ ಅನುವಾದಕರೆಂಬುದನ್ನು ಮಾತ್ರ ಸ್ವರ ತಗ್ಗಿಸಿ ಸೇರಿಸುತ್ತಾನೆ, ಏಕೆಂದರೆ ಈತನಿಗೆ ಜಪಾನಿ ಬರುವುದಿಲ್ಲ. ಕಾನಾ ಅಕ್ಷರ ತೋರಿಸಿದರೆ ಅದರ ಸಂಖ್ಯೆ ಹೇಳಬಲ್ಲನೇ ಹೊರತು ಉಚ್ಚಾರ ಹೇಳಲಾರ.

ಈ ನಡುವೆ ಈತನ ಪೈಥಾನ್ ಕಚೇರಿಗೂ ನುಸುಳಿ, ಆಮದು ಸರಕಿನ ಸುಂಕ ಘೋಷಣೆಯಾದ ಬಿಲ್ ಆಫ್ ಎಂಟ್ರಿಗೂ ಇನ್‌ವಾಯ್ಸಿಗೂ ತಾಳೆಯಾಗದ ಅಂಕಿಗಳನ್ನು ಕ್ಷಣದಲ್ಲಿ ಹಿಡಿದುಕೊಟ್ಟಿದೆ. ಸಂತುಷ್ಟರಾದ ಯಜಮಾನರು ಇಂಥದೇ ಇನ್ನೊಂದನ್ನು, ಬೇಕಾದರೆ ಪ್ರತ್ಯೇಕ ಸಂಭಾವನೆಗೆ, ಬರೆದುಕೊಡಲು ಕೇಳಿದಾಗ, ಅನುವಾದದ ಕೆಲಸ ತಲೆಯ ಮೇಲಿರುವುದರಿಂದ ಸದ್ಯ ಬಿಡುವಿಲ್ಲವೆಂದು ಈತ ವಿನಯದಿಂದ ತಿಳಿಸಿದ್ದಾನೆ.